ಬರೆದ ಲೇಖನ ಯಾರೂ ಓದುತ್ತಿಲ್ಲವೇ? ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಆನ್‌ಲೈನ್‌ನಲ್ಲಿ ಕನ್ನಡ ಲೇಖನ ಬರೆಯುವವರ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತು ಒಂದಿದೆ: "ಕನ್ನಡದಲ್ಲಿ ಓದೋರೇ ಇಲ್ಲ." ಈ ಮಾತನ್ನು ನಾನು ಒಪ್ಪುವುದಿಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಮ್ಮ ತಾಯ್ನುಡಿ ಎಂದು ಬರೆಸಿದವರು ಸುಮಾರು 4.37 ಕೋಟಿ ಜನ. ಪಹಣಿಯಲ್ಲಿ ತಪ್ಪಾದ ಹೆಸರು ತಿದ್ದಿಸುವುದು ಹೇಗೆ, ಅಡಿಕೆಗೆ ಔಷಧಿ ಯಾವಾಗ ಹೊಡೆಯಬೇಕು, ಮಗುವಿಗೆ ಜ್ವರ ಬಂದರೆ ಏನು ಮಾಡಬೇಕು ಅಂತ ಇವರು ಫೋನಿನಲ್ಲಿ ಹುಡುಕುತ್ತಲೇ ಇರುತ್ತಾರೆ. ಓದುಗರು ಇದ್ದಾರೆ. ಅವರಿಗೂ ನಿಮ್ಮ ಲೇಖನಕ್ಕೂ ನಡುವೆ ಎಲ್ಲೋ ಒಂದು ಕಡೆ ದಾರಿ ಕಟ್ಟಿಕೊಂಡಿದೆ, ಅಷ್ಟೇ.

ತೋಟದ ಪಂಪ್‌ಸೆಟ್ ನೀರು ಎತ್ತದಿದ್ದರೆ ಯಾರೂ ಮೊದಲೇ ಮೋಟರ್ ಬಿಚ್ಚುವುದಿಲ್ಲ. ಕರೆಂಟ್ ಇದೆಯಾ, ಫ್ಯೂಸ್ ಹೋಗಿದೆಯಾ, ಫುಟ್‌ವಾಲ್ವ್‌ಗೆ ಕಸ ಸಿಕ್ಕಿದೆಯಾ ಅಂತ ಒಂದೊಂದಾಗಿ ನೋಡುತ್ತಾರೆ. ಲೇಖನದ ವಿಷಯದಲ್ಲಿ ಮಾತ್ರ ನಾವು ಮೊದಲೇ ಮೋಟರ್ ಬಿಚ್ಚಿಬಿಡುತ್ತೇವೆ. ನನ್ನ ಶೈಲಿ ಸರಿಯಿಲ್ಲ, ಭಾಷೆ ಹಳೆಯದಾಯ್ತು, ಇನ್ನೂ ಚೆಂದ ಬರೆಯಬೇಕಿತ್ತು ಅಂತ ಕೊರಗುತ್ತಾ ಇಡೀ ಲೇಖನವನ್ನು ತಿದ್ದಲು ಕೂರುತ್ತೇವೆ. ನಾನು ನೋಡಿದ ಹೆಚ್ಚಿನ ಲೇಖನಗಳಲ್ಲಿ ದೋಷ ಬರವಣಿಗೆಯಲ್ಲಿ ಇರಲಿಲ್ಲ. ಮೊದಲ ಸಾಲು ಬರೆಯುವುದಕ್ಕೂ ಮುಂಚೆ, ವಿಷಯ ಆರಿಸಿಕೊಳ್ಳುವಾಗಲೇ ಆಗಿತ್ತು. ಆದರೂ ಊಹೆ ಬೇಡ, ಪರೀಕ್ಷೆ ಮಾಡೋಣ.

ಉದಾಹರಣೆಗೆ ಒಂದೇ ಲೇಖನವನ್ನು ಇಟ್ಟುಕೊಳ್ಳೋಣ. ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರು "ಅಡಿಕೆ ಕೃಷಿ: ಒಂದು ಅವಲೋಕನ" ಅಂತ ಬರೆದಿದ್ದಾರೆ. ಅನುಭವ ಇದೆ, ಮಾಹಿತಿ ಸರಿ ಇದೆ. ಓದುವವರು ಮಾತ್ರ ಮನೆಯವರು ಮತ್ತು ಸ್ನೇಹಿತರು.

ಮೊದಲು ಅಂಕಿ ನೋಡಿ

ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನ ಇದೆ. ನಿಮ್ಮ ವೆಬ್‌ಸೈಟನ್ನು ಅದಕ್ಕೆ ಸೇರಿಸದಿದ್ದರೆ ಇವತ್ತೇ ಸೇರಿಸಿ. ಅದಿಲ್ಲದೆ ಮುಂದಿನ ಹೆಚ್ಚಿನ ಪರೀಕ್ಷೆಗಳು ಆಗುವುದಿಲ್ಲ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರತಿ ಲೇಖನಕ್ಕೂ ಕೆಲವು ಅಂಕಿಗಳು ಸಿಗುತ್ತವೆ. ಇಂಪ್ರೆಷನ್ ಅಂದರೆ ಹುಡುಕಿದವರ ಮುಂದೆ ನಿಮ್ಮ ಲೇಖನದ ಹೆಸರು ಎಷ್ಟು ಸಲ ಬಂತು ಎಂಬುದು. ಕ್ಲಿಕ್ ಅಂದರೆ ಅದನ್ನು ಒತ್ತಿ ಎಷ್ಟು ಸಲ ಒಳಗೆ ಬಂದರು ಎಂಬುದು. ಸರಾಸರಿ ಸ್ಥಾನ ಅಂದರೆ ಫಲಿತಾಂಶಗಳ ಸಾಲಿನಲ್ಲಿ ನೀವು ಸಾಮಾನ್ಯವಾಗಿ ಎಷ್ಟನೆಯವರು ಎಂಬುದು. ಇವುಗಳ ಕೆಳಗೆ ಇನ್ನೊಂದು ಪಟ್ಟಿ ಇರುತ್ತದೆ. ಜನ ಯಾವ ಪದಗಳನ್ನು ಹಾಕಿ ಹುಡುಕಿದಾಗ ನೀವು ಕಾಣಿಸಿಕೊಂಡಿರಿ ಅಂತ ಅದು ಹೇಳುತ್ತದೆ. ಆ ಪಟ್ಟಿಯ ಬೆಲೆ ಮುಂದೆ ಗೊತ್ತಾಗುತ್ತದೆ.

ಬರೀ ಓದುಗರ ಸಂಖ್ಯೆ ನೋಡಿ ಬೇಜಾರು ಮಾಡಿಕೊಳ್ಳಬೇಡಿ. ದಾರಿ ಎಲ್ಲಿ ಕಟ್ಟಿದೆ ಅಂತ ಆ ಒಂದು ಸಂಖ್ಯೆ ಹೇಳುವುದಿಲ್ಲ.

ಇಂಪ್ರೆಷನ್ ಸೊನ್ನೆ ಇದ್ದರೆ

ಇಲ್ಲಿ ಎರಡು ಸಾಧ್ಯತೆ. ಒಂದೋ ಲೇಖನ ಗೂಗಲ್‌ನ ಲೆಕ್ಕಕ್ಕೇ ಬಂದಿಲ್ಲ, ಇಲ್ಲವೇ ಬಂದಿದೆ ಆದರೆ ಆ ವಿಷಯವನ್ನು ಯಾರೂ ಹುಡುಕುತ್ತಿಲ್ಲ.

ಮೊದಲನೆಯದನ್ನು ಪತ್ತೆ ಮಾಡುವುದು ಸುಲಭ. ಸರ್ಚ್ ಕನ್ಸೋಲ್‌ನ ಮೇಲ್ಭಾಗದಲ್ಲಿ ಲೇಖನದ ವಿಳಾಸ ಹಾಕಿದರೆ, ಅದು ಇಂಡೆಕ್ಸ್ ಆಗಿದೆಯೋ, ಅಂದರೆ ಗೂಗಲ್‌ನ ಪಟ್ಟಿಗೆ ಸೇರಿದೆಯೋ ಇಲ್ಲವೋ ಅಂತ ಹೇಳುತ್ತದೆ. ಆಗಿಲ್ಲದಿದ್ದರೆ, ತಾಣ ಕಟ್ಟಲು ವರ್ಡ್‌ಪ್ರೆಸ್ ಬಳಸುವವರು ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಪುಟ ತೆರೆದು ನೋಡಿ. ಸರ್ಚ್ ಎಂಜಿನ್‌ಗಳು ಈ ತಾಣಕ್ಕೆ ಬರುವುದು ಬೇಡ ಎಂಬ ಅರ್ಥದ ಒಂದು ಚೌಕ ಅಲ್ಲಿದೆ. ತಾಣ ಕಟ್ಟುವಾಗ ಅದಕ್ಕೆ ಟಿಕ್ ಹಾಕಿ, ಆಮೇಲೆ ತೆಗೆಯಲು ಮರೆತವರು ತುಂಬಾ ಜನ ಇದ್ದಾರೆ. ಟಿಕ್ ತೆಗೆದು, ಕನ್ಸೋಲ್‌ನಲ್ಲಿ ಇಂಡೆಕ್ಸ್ ಮಾಡಲು ಕೋರಿಕೆ ಕೊಡಿ.

ಕನ್ನಡಕ್ಕೇ ಸೇರಿದ ಒಂದು ದೋಷವೂ ಇದೆ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯುನಿಕೋಡ್ (ಎಲ್ಲ ಕಂಪ್ಯೂಟರ್, ಫೋನುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯವನ್ನು ಹಾಗೇ ತಂದು ಅಂಟಿಸಿದರೆ, ಯಂತ್ರದ ಕಣ್ಣಿಗೆ ಅದು ಕನ್ನಡವೇ ಅಲ್ಲ. ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ, ಅಷ್ಟೇ. ಆ ಫಾಂಟ್ ಇರುವ ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತದೆ, ಬೇರೆಯವರ ಫೋನಿನಲ್ಲಿ ಕಾಣುವುದಿಲ್ಲ. ಪತ್ರಿಕೆಗಳಿಗೆ ಬರೆದು ಅಭ್ಯಾಸ ಇರುವ ಹಿರಿಯರ ಹಳೆಯ ಕಡತಗಳಲ್ಲಿ ಇದು ಜಾಸ್ತಿ. ಯುನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ಓದಿ, ಅಲ್ಲೇ ತಪ್ಪು ಉಳಿಯುವುದು. ಲೇಖನವನ್ನು ಚಿತ್ರವಾಗಿ ಮಾಡಿ ಹಾಕುವುದೂ ಹೀಗೇ. ಫೋನಿನಲ್ಲಿ ಹಿಗ್ಗಿಸಿ ಓದಬೇಕು, ಹುಡುಕುವವರಿಗೆ ಅದರೊಳಗಿನ ಪದಗಳು ಸಿಗುವ ಭರವಸೆಯೂ ಇಲ್ಲ.

ಇಂಡೆಕ್ಸ್ ಆಗಿದೆ, ಆದರೂ ಇಂಪ್ರೆಷನ್ ಇಲ್ಲ ಅಂದರೆ? ಆಗ ವಿಷಯವನ್ನೇ ಪರೀಕ್ಷೆ ಮಾಡಬೇಕು.

ವಿಷಯದ ದೋಷ

ನಮ್ಮ ಉದಾಹರಣೆಗೆ ಬನ್ನಿ. "ಅಡಿಕೆ ಕೃಷಿ" ಎಂಬುದು ವಿಷಯವೇ ಅಲ್ಲ. ಅದು ಹತ್ತಾರು ವಿಷಯಗಳನ್ನು ಕಟ್ಟಿಟ್ಟ ಗಂಟು. ತೋಟದಲ್ಲಿ ನಿಂತು ಫೋನ್ ತೆಗೆದವನು "ಅಡಿಕೆ ಕೃಷಿಯ ಅವಲೋಕನ" ಅಂತ ಹುಡುಕುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯಲು ಮೈಲುತುತ್ತ, ಸುಣ್ಣ ಬೆರೆಸಿ ಮಾಡಿದ ಬೋರ್ಡೋ ದ್ರಾವಣ ಡ್ರಮ್ಮಿನಲ್ಲಿ ಒಡೆದುಹೋಗಿದೆ, ಮೋಡ ಕಟ್ಟುತ್ತಿದೆ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಕಾಯುತ್ತಿದ್ದಾನೆ. ಅವನಿಗೆ ಬೇಕಾದದ್ದು "ದ್ರಾವಣ ಒಡೆಯೋದು ಯಾಕೆ, ಈಗ ಏನು ಮಾಡಲಿ" ಎಂಬ ಒಂದೇ ಪ್ರಶ್ನೆಗೆ ಉತ್ತರ. ಅದು ವಿಷಯ. ಅದರ ಮೇಲೆ ಬರೆಯಿರಿ.

ಒಂದು ವಿಷಯ ಸರಿಯಾಗಿದೆಯೇ ಅಂತ ನೋಡಲು ನಾನು ಕೇಳುವುದು ಇಷ್ಟೇ: ಈ ಲೇಖನ ಓದುವ ಮನುಷ್ಯ ಯಾರು, ಆ ಹೊತ್ತಿನಲ್ಲಿ ಅವನು ಎಲ್ಲಿದ್ದಾನೆ, ಓದಿ ಮುಗಿಸಿ ಏನು ಮಾಡುತ್ತಾನೆ? ಉತ್ತರ ತಟ್ಟನೆ ಬಾರದಿದ್ದರೆ ವಿಷಯ ಇನ್ನೂ ದೊಡ್ಡದಿದೆ ಅಂತ ಅರ್ಥ. ಒಡೆಯಬೇಕು. ಬೋರ್ಡೋ ದ್ರಾವಣ ಒಂದರಲ್ಲೇ ಅಳತೆ, ಸುಣ್ಣದ ಗುಣಮಟ್ಟ, ಬೆರೆಸುವ ಕ್ರಮ, ಹೊಡೆಯುವ ಸಮಯ, ಮಳೆ ಬಿಡದಿದ್ದಾಗ ಏನು ಮಾಡುವುದು ಅಂತ ಐದು ಲೇಖನಗಳಿವೆ. ಒಂದೊಂದೂ ಯಾರದ್ದೋ ನಿಜವಾದ ತೊಂದರೆ.

ಇಂಥ ಪ್ರಶ್ನೆಗಳನ್ನು ತಲೆಯಿಂದ ಹುಟ್ಟಿಸಬೇಡಿ, ಹೊರಗಿನಿಂದ ತನ್ನಿ. ಗೂಗಲ್‌ನಲ್ಲಿ "ಅಡಿಕೆ" ಅಂತ ಬರೆದು ಒಂದು ಜಾಗ ಬಿಡಿ, ಕೆಳಗೆ ಸಲಹೆಗಳ ಪಟ್ಟಿ ಬರುತ್ತದೆ. ನಿಮ್ಮದೇ ಹಳೆಯ ಹುಡುಕಾಟ ಅದರಲ್ಲಿ ಸೇರಬಾರದು ಅಂದರೆ ಬ್ರೌಸರಿನ ಇನ್‌ಕಾಗ್ನಿಟೋ (ಖಾಸಗಿ) ಕಿಟಕಿಯಲ್ಲಿ ಮಾಡಿ. ಕೃಷಿ ವಿಡಿಯೋಗಳ ಕೆಳಗೆ ಜನ ಏನು ಕೇಳಿದ್ದಾರೆ ಓದಿ. ಬಹಳಷ್ಟು ಪ್ರಶ್ನೆಗಳಿಗೆ ಯಾರೂ ಉತ್ತರ ಕೊಟ್ಟಿರುವುದಿಲ್ಲ. ಆ ಉತ್ತರವಿಲ್ಲದ ಪ್ರಶ್ನೆಗಳೇ ನಿಮ್ಮ ಬಂಡವಾಳ. ಇನ್ನು ರೈತ ಸಂಪರ್ಕ ಕೇಂದ್ರದ ಕೌಂಟರ್, ಗೊಬ್ಬರದ ಅಂಗಡಿ, ಸೊಸೈಟಿಯ ಜಗಲಿ. ಅಲ್ಲಿ ಸುಮ್ನೆ ಅರ್ಧ ಗಂಟೆ ಕೂತರೆ ಸಿಗುವಷ್ಟು ವಿಷಯ ಯಾವ ಸಾಧನದಲ್ಲೂ ಸಿಗುವುದಿಲ್ಲ ಅಂತ ನನ್ನ ನಂಬಿಕೆ.

ಯಾವ ಪದದ ಹುಡುಕಾಟ ಯಾವಾಗ ಏರಿತು, ಇಳಿಯಿತು ಅಂತ ತೋರಿಸುವ ಗೂಗಲ್ ಟ್ರೆಂಡ್ಸ್ ಬಳಸುವವರಿಗೆ ಒಂದು ಎಚ್ಚರಿಕೆ. ಅದು ತೋರಿಸುವ 0ರಿಂದ 100ರವರೆಗಿನ ಅಂಕಿ ಹುಡುಕಿದವರ ಸಂಖ್ಯೆ ಅಲ್ಲ. ಆ ಅವಧಿಯಲ್ಲಿ ಆಸಕ್ತಿ ಅತಿ ಹೆಚ್ಚಿದ್ದ ಹೊತ್ತನ್ನು 100 ಅಂತ ಇಟ್ಟುಕೊಂಡು, ಉಳಿದದ್ದನ್ನು ಅದಕ್ಕೆ ಹೋಲಿಸಿ ಕೊಟ್ಟ ಲೆಕ್ಕ. ಕನ್ನಡ ಲಿಪಿಯ ಪದ ಹಾಕಿದರೆ ಎಷ್ಟೋ ಸಲ ಸಾಕಷ್ಟು ಮಾಹಿತಿ ಇಲ್ಲ ಅಂತ ಬರುತ್ತದೆ. ಅದನ್ನು ನೋಡಿ ವಿಷಯ ಕೈಬಿಡಬೇಡಿ. ನಮ್ಮ ಜನ ಕನ್ನಡದ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕುವುದು ಜಾಸ್ತಿ, ಅಲ್ವಾ? ಆ ರೂಪವನ್ನೂ ಹಾಕಿ ನೋಡಿ. ಪ್ರದೇಶವನ್ನು ಕರ್ನಾಟಕಕ್ಕೆ ಸೀಮಿತ ಮಾಡಿ.

ಎಲ್ಲರೂ ಬರೆಯುತ್ತಿರುವ ವಿಷಯದ ದೋಷ ಬೇರೆ ಥರ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿತು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಆವತ್ತಿನಿಂದ "ಈ ತಿಂಗಳ ಹಣ ಯಾವಾಗ ಬರುತ್ತೆ" ಅಂತ ಬರೆಯದ ತಾಣವಿಲ್ಲ. ದೊಡ್ಡ ಪತ್ರಿಕೆ, ಟಿವಿ ವಾಹಿನಿಗಳ ತಾಣಗಳ ಜೊತೆ ಅಲ್ಲಿ ಓಟಕ್ಕೆ ನಿಂತರೆ ಒಬ್ಬರೇ ಬರೆಯುವವರು ಹಿಂದೆ ಬೀಳುತ್ತಾರೆ. ಆದರೆ ಅದೇ ಯೋಜನೆಯಲ್ಲಿ ಸಾವಿರಾರು ಮನೆಗಳನ್ನು ಕಾಡುವ ಒಂದು ಸಣ್ಣ ಪ್ರಶ್ನೆ ಇದೆ: "ಆಧಾರ್ ಲಿಂಕ್ ಆಗಿದೆ ಅಂತ ಬ್ಯಾಂಕಿನವರು ಹೇಳ್ತಾರೆ, ಆದ್ರೂ ಹಣ ಈ ಖಾತೆಗೆ ಬರ್ತಿಲ್ಲ." ಖಾತೆಗೆ ಆಧಾರ್ ಸಂಖ್ಯೆ ಸೇರಿಸುವುದು ಒಂದು, ನೇರ ಹಣ ಬರುವ ಖಾತೆ ಇದೇ ಅಂತ ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ) ನಮೂದಾಗುವುದು ಇನ್ನೊಂದು. ಆಧಾರ್ ಲೆಕ್ಕದಲ್ಲಿ ಬರುವ ಹಣ ಕೊನೆಯದಾಗಿ ನಮೂದಾದ ಒಂದೇ ಖಾತೆಗೆ ಹೋಗುತ್ತದೆ. ಅದು ಯಾವ ಬ್ಯಾಂಕ್ ಅಂತ ಆಧಾರ್‌ನ ಅಧಿಕೃತ ತಾಣದಲ್ಲೇ ನೋಡಬಹುದು. ಇದನ್ನು ಹಂತ ಹಂತವಾಗಿ, ಪರದೆಯ ಚಿತ್ರಗಳ ಜೊತೆ, ಅಕ್ಕಪಕ್ಕದ ಮನೆಯವರಿಗೆ ಹೇಳುವ ಹಾಗೆ ಬರೆದರೆ ಅದು ಇವತ್ತಿಗೂ ನಾಳೆಗೂ ಬೇಕಾಗುವ ಲೇಖನ. ಸುದ್ದಿ ನಾಳೆ ಹಳತಾಗುತ್ತದೆ, ಈ ತೊಡಕು ಹಳತಾಗುವುದಿಲ್ಲ.

ಪದದ ದೋಷ

ವಿಷಯ ಸರಿ ಇದ್ದರೂ ಓದುಗರು ಹೇಳುವ ಪದ ಲೇಖನದಲ್ಲಿ ಇಲ್ಲದಿದ್ದರೆ ಅವರಿಗೆ ಅದು ಸಿಗುವುದಿಲ್ಲ. ಕನ್ನಡದಲ್ಲಿ ಇದು ಬಹಳ ದೊಡ್ಡ ತೊಡಕು, ಏಕೆಂದರೆ ಜಿಲ್ಲೆ ಬದಲಾದರೆ ಪದವೂ ಬದಲಾಗುತ್ತದೆ. ಮೈಸೂರು ಕಡೆಯ ಪಹಣಿ ಧಾರವಾಡ ಕಡೆ ಉತಾರ. ಕಡಲೆಕಾಯಿ ಅಲ್ಲಿ ಶೇಂಗಾ. ಈರುಳ್ಳಿ ಉಳ್ಳಾಗಡ್ಡಿ. ಅಡಿಕೆಯನ್ನು ಅಡಕೆ ಅಂತ ಬರೆಯುವವರೂ ಇದ್ದಾರೆ. ಪುಸ್ತಕದಲ್ಲಿ ಕೊಳೆರೋಗ ಅಂತ ಇರುವುದನ್ನು ಕರಾವಳಿಯ ತೋಟಗಳಲ್ಲಿ ಮಹಾಳಿ ಅನ್ನುತ್ತಾರೆ. ತಾಮ್ರದ ಸಲ್ಫೇಟ್ ಅಂತ ಬರೆದರೆ ಶಾಲೆಯ ಪುಸ್ತಕದಂತೆ ಸರಿ, ಅಂಗಡಿಯಲ್ಲಿ ಕೇಳುವುದು ಮೈಲುತುತ್ತ.

ಹಾಗಂತ ಒಂದೇ ಸಾಲಿನಲ್ಲಿ ಎಲ್ಲ ಪದಗಳನ್ನೂ ತುರುಕಬೇಡಿ, ಓದಲು ಅಸಹ್ಯವಾಗುತ್ತದೆ. ತಲೆಬರಹಕ್ಕೆ ನಿಮ್ಮ ಮುಖ್ಯ ಓದುಗರ ಪದ ಇರಲಿ, ಇನ್ನೊಂದು ಪದವನ್ನು ಮೊದಲ ಪ್ಯಾರಾದಲ್ಲಿ ಸಹಜವಾಗಿ ತನ್ನಿ: "ಕರಾವಳಿಯವರು ಮಹಾಳಿ ಎನ್ನುವ ಈ ಕೊಳೆರೋಗ..." ಇಷ್ಟು ಸಾಕು. ಸರ್ಚ್ ಕನ್ಸೋಲ್‌ನ ಪದಗಳ ಪಟ್ಟಿ ಬೆಲೆಬಾಳುವುದು ಇಲ್ಲೇ. ನೀವು ಊಹಿಸದ ಪದ ಅಲ್ಲಿ ಇದ್ದೇ ಇರುತ್ತದೆ. ಎಷ್ಟೋ ಸಲ ಮುಂದಿನ ಲೇಖನದ ವಿಷಯವೂ ಅಲ್ಲೇ ಕೂತಿರುತ್ತದೆ. ಸುಣ್ಣದ ಬಗ್ಗೆ ನೀವು ಬರೆದದ್ದು ಒಂದೇ ಸಾಲು, ಆದರೆ ಸುಣ್ಣದ ಪ್ರಶ್ನೆ ಕೇಳಿ ನಿಮ್ಮ ಲೇಖನ ಕಂಡವರು ನೂರಾರು ಜನ ಅಂತಾದರೆ, ಆ ಒಂದು ಸಾಲು ಇಡೀ ಲೇಖನ ಆಗಬೇಕು.

ಇಂಪ್ರೆಷನ್ ಇದೆ, ಕ್ಲಿಕ್ ಇಲ್ಲ

ತಲೆಬರಹಕ್ಕೆ ಕೈ ಹಾಕುವ ಮೊದಲು ಸರಾಸರಿ ಸ್ಥಾನ ನೋಡಿ. ಅದು 25, 30 ಅಂತ ಇದ್ದರೆ ತಪ್ಪು ತಲೆಬರಹದ್ದಲ್ಲ. ಅಷ್ಟು ಕೆಳಗೆ ಯಾರೂ ಇಳಿದು ನೋಡುವುದಿಲ್ಲ. ಆಗ ಲೇಖನವನ್ನು ಗಟ್ಟಿ ಮಾಡಬೇಕು ಅಥವಾ ವಿಷಯವನ್ನು ಇನ್ನೂ ಸಣ್ಣದು ಮಾಡಬೇಕು. ಮೊದಲ ಆರೇಳರಲ್ಲೇ ಇದ್ದೂ ಜನ ಒತ್ತುತ್ತಿಲ್ಲ ಅಂದರೆ ಮಾತ್ರ ತಲೆಬರಹವನ್ನು ಅನುಮಾನಿಸಿ.

ಇನ್ನೊಂದು ಕಾರಣವೂ ಇರಬಹುದು. "ಈ ವರ್ಷ ಯುಗಾದಿ ಯಾವಾಗ" ಎಂಬಂಥ ಪ್ರಶ್ನೆಗೆ ಉತ್ತರ ಫಲಿತಾಂಶದ ಪುಟದಲ್ಲೇ ಸಿಕ್ಕಿಬಿಡುತ್ತದೆ. ಮೊದಲ ಸ್ಥಾನದಲ್ಲಿದ್ದರೂ ಯಾರೂ ಒಳಗೆ ಬರುವುದಿಲ್ಲ. ಒಂದು ಸಾಲಿನಲ್ಲಿ ಮುಗಿಯುವ ಉತ್ತರ ಇರುವ ವಿಷಯಕ್ಕೆ ಇಡೀ ಲೇಖನ ಬರೆಯುವುದು ಶ್ರಮ ದಂಡ.

ತಲೆಬರಹದ್ದೇ ದೋಷ ಅಂತ ಗೊತ್ತಾದರೆ ಪದಗಳ ಕ್ರಮ ನೋಡಿ. ಕನ್ನಡದ ಅಕ್ಷರ ಅಗಲ. ಫಲಿತಾಂಶದಲ್ಲಿ ಉದ್ದ ತಲೆಬರಹದ ಬಾಲ ತುಂಡಾಗುತ್ತದೆ. ಮುಖ್ಯ ಪದ ಮೊದಲೇ ಬರಬೇಕು. "ಅಡಿಕೆ ಕೃಷಿ: ಒಂದು ಅವಲೋಕನ" ಎಂಬುದರ ಬದಲು "ಬೋರ್ಡೋ ದ್ರಾವಣ ಒಡೆಯುವುದೇಕೆ? ಸುಣ್ಣ, ಮೈಲುತುತ್ತ ಬೆರೆಸುವ ಸರಿಯಾದ ಕ್ರಮ" ಅಂತ ಇರಲಿ. ಒಳಗೆ ಏನು ಸಿಗುತ್ತದೆ ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ಅವಲೋಕನ, ಚಿಂತನೆ, ಪಕ್ಷಿನೋಟ ಮುಂತಾದ ಪದಗಳು ತಲೆಬರಹದಲ್ಲಿ ಜಾಗ ತಿನ್ನುತ್ತವೆ, ಏನನ್ನೂ ಹೇಳುವುದಿಲ್ಲ.

"ಶಾಕಿಂಗ್", "ಕೇಳಿದ್ರೆ ಬೆಚ್ಚಿಬೀಳ್ತೀರಾ" ಅಂತ ಹಾಕಿದರೆ ಕ್ಲಿಕ್ ಜಾಸ್ತಿ ಬರುತ್ತದೆ ನಿಜ. ದಯವಿಟ್ಟು ಹಾಕಬೇಡಿ. ಒಮ್ಮೆ ಮೋಸ ಹೋದವರು ನಿಮ್ಮ ಹೆಸರು ಕಂಡರೆ ದಾಟಿ ಹೋಗುತ್ತಾರೆ. ರೋಗ, ಹಣ, ಬೆಳೆ ಇವುಗಳ ವಿಷಯದಲ್ಲಿ ಓದುಗರನ್ನು ಹೀಗೆ ಎಳೆದು ತರುವುದು ಅನ್ಯಾಯ ಕೂಡ.

ಬಂದವರು ನಿಲ್ಲುತ್ತಿಲ್ಲ

ಇದನ್ನು ಗೂಗಲ್ ಅನಾಲಿಟಿಕ್ಸ್‌ನಲ್ಲಿ, ಅಂದರೆ ತಾಣಕ್ಕೆ ಬಂದವರು ಒಳಗೆ ಏನು ಮಾಡಿದರು ಅಂತ ತೋರಿಸುವ ಸಾಧನದಲ್ಲಿ ನೋಡಬೇಕು. ಒಂದು ಭೇಟಿ 10 ಸೆಕೆಂಡಿಗಿಂತ ಹೆಚ್ಚು ಹೊತ್ತು ನಡೆದರೆ, ಅಥವಾ ಬಂದವರು ಎರಡನೆಯ ಪುಟ ತೆರೆದರೆ ಅದು ಆಸಕ್ತಿಯ ಭೇಟಿ ಅಂತ ಲೆಕ್ಕ. ಬಹುಪಾಲು ಜನ ಅಷ್ಟೂ ನಿಲ್ಲುತ್ತಿಲ್ಲ ಅಂದರೆ ಮೊದಲ ಪ್ಯಾರಾವನ್ನು ನೋಡಿ. "ಭಾರತ ಕೃಷಿ ಪ್ರಧಾನ ದೇಶ. ಇಲ್ಲಿ ಅನಾದಿ ಕಾಲದಿಂದಲೂ..." ಅಂತ ಶುರುವಾಗಿದೆಯೇ? ಅಳಿಸಿ. ಶಾಲೆಯ ಪ್ರಬಂಧದಿಂದ ಬಂದ ಈ ಅಭ್ಯಾಸ ನಮ್ಮಲ್ಲಿ ಆಳವಾಗಿ ಕೂತಿದೆ. ಉತ್ತರ ಕೊನೆಗೆ, ಪೀಠಿಕೆ ಮೊದಲು. ಡ್ರಮ್ಮಿನ ಮುಂದೆ ನಿಂತವನು ಪೀಠಿಕೆ ಓದುವುದಿಲ್ಲ.

ಉತ್ತರದಿಂದಲೇ ಶುರು ಮಾಡಿ. 100 ಲೀಟರ್ ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ತಲಾ 50 ಲೀಟರ್ ನೀರಿಗೆ ಕರಗಿಸಿ. ಕಬ್ಬಿಣದ ಪಾತ್ರೆ ಬೇಡ. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಹಾಕುತ್ತಾ ಕದಡಿ, ತಿರುಗಾಮುರುಗಾ ಮಾಡಬೇಡಿ. ಹೊಳೆಯುವ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿಗೆ ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೇಕು. ಮಾಡಿದ ದಿನವೇ ಹೊಡೆದು ಮುಗಿಸಿ. ನೋಡಿ, ಒಂದು ಪ್ಯಾರಾದಲ್ಲಿ ಅವನ ಕೆಲಸ ಆಯ್ತು. ಇಷ್ಟು ಸಿಕ್ಕವನು ಹೊರಟುಹೋಗುತ್ತಾನೆ ಅಂತ ಭಯ ಬೇಡ. ಸುಣ್ಣ ಯಾಕೆ ಕೆಡುತ್ತದೆ, ಎರಡನೆಯ ಸಿಂಪಡಣೆ ಯಾವಾಗ ಅಂತ ಓದಲು ಅವನು ಕೆಳಗೆ ಇಳಿಯುವುದು ಈ ಪ್ಯಾರಾದಿಂದ ನಂಬಿಕೆ ಹುಟ್ಟಿದ ಮೇಲೆಯೇ.

ಪುಟ ನಿಧಾನವಾಗಿ ತೆರೆದುಕೊಳ್ಳುವುದೂ ಕಾರಣವಾಗಬಹುದು. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟ ಅಳತೆ. ಫೋನಿನಲ್ಲಿ ತೆಗೆದ ನಾಲ್ಕೈದು ಎಂಬಿಯ ಫೋಟೋವನ್ನು ಹಾಗೇ ಹಾಕಿದರೆ, ಸಿಗ್ನಲ್ ಇಲ್ಲದ ಮಲೆನಾಡಿನ ಮೂಲೆಯಲ್ಲಿ ಅದು ತೆರೆಯುವುದೇ ಇಲ್ಲ. ಫೋಟೋ ಕುಗ್ಗಿಸಿ. ಸಾಲುಗಳ ನಡುವಿನ ಜಾಗವನ್ನೂ ನೋಡಿ. ಇಂಗ್ಲಿಷಿಗೆ ಮಾಡಿದ ವಿನ್ಯಾಸದಲ್ಲಿ ಕನ್ನಡದ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟು, ಗುಡಿಸುಗಳಿಗೆ ತಾಗುತ್ತದೆ. ಜಾಗ ಹೆಚ್ಚಿಸಿದರೆ ವಯಸ್ಸಾದವರಿಗೂ ಆರಾಮ.

ಓದುಗರು ಇದ್ದಕ್ಕಿದ್ದಂತೆ ಕಡಿಮೆಯಾದರೆ

ಕೆಟ್ಟಿದೆ ಅಂತ ಗಾಬರಿಯಾಗುವ ಮೊದಲು ಕ್ಯಾಲೆಂಡರ್ ನೋಡಿ. ಬೋರ್ಡೋ ದ್ರಾವಣದ ಲೇಖನವನ್ನು ಜನವರಿಯಲ್ಲಿ ಯಾರು ಓದುತ್ತಾರೆ? ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1, ಆಮೇಲೆ ಕೆಲವೇ ದಿನಗಳಲ್ಲಿ ನಮ್ಮ ಕರಾವಳಿ. ಮೊದಲ ಸಿಂಪಡಣೆ ಅದರ ಆಸುಪಾಸಿನಲ್ಲಿ, ಎರಡನೆಯದು 40-45 ದಿನ ಬಿಟ್ಟು. ಓದುಗರೂ ಆ ಎರಡು ಹೊತ್ತಿನಲ್ಲೇ ಬರುತ್ತಾರೆ. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಇಟ್ಟಿರುತ್ತದೆ. ಹೋದ ತಿಂಗಳಿಗೆ ಹೋಲಿಸಬೇಡಿ, ಹೋದ ವರ್ಷದ ಇದೇ ತಿಂಗಳಿಗೆ ಹೋಲಿಸಿ. ಹುಡುಕುವವರ ಕಣ್ಣಿಗೆ ಬೀಳಲು ಹೊಸ ಲೇಖನಕ್ಕೆ ಸಮಯ ಬೇಕು, ಹಾಗಾಗಿ ಮಳೆಗಾಲದ ಲೇಖನ ಏಪ್ರಿಲ್‌ನಲ್ಲೇ ಹೊರಬರಬೇಕು. ಮಳೆ ಬಿದ್ದ ದಿನ ಬರೆಯಲು ಕೂತರೆ ತಡವಾಯಿತು.

ವಾಟ್ಸಾಪ್‌ನಲ್ಲಿ ಹಂಚಿದಾಗ ಎರಡು ದಿನ ಏರಿ ಬಿದ್ದುಹೋಗುವುದೂ ಉಂಟು. ಅದು ದೋಷ ಅಲ್ಲ, ಹಂಚಿಕೆಯ ಗುಣವೇ ಹಾಗೆ. ಅಲ್ಲಿಂದ ಬಂದವರನ್ನು ಅನಾಲಿಟಿಕ್ಸ್ ಹೆಚ್ಚಾಗಿ ಡೈರೆಕ್ಟ್ (ನೇರವಾಗಿ ಬಂದವರು) ಅಂತಲೇ ತೋರಿಸುತ್ತದೆ, ಗೊಂದಲ ಬೇಡ. ಆದರೆ ಹಂಚಿದರೂ ಯಾರೂ ಒತ್ತುತ್ತಿಲ್ಲ ಅಂದರೆ ಲಿಂಕ್ ಹೇಗೆ ಕಾಣುತ್ತದೆ ನೋಡಿ. ವಿಳಾಸದಲ್ಲಿ ಕನ್ನಡ ಅಕ್ಷರ ಇದ್ದರೆ ನಕಲಿಸಿದಾಗ ಅದು ಶೇಕಡಾ ಚಿಹ್ನೆ ಮತ್ತು ಅಂಕಿಗಳ ಸರಪಳಿಯಾಗುತ್ತದೆ. "ಅಡಿಕೆ" ಎಂಬ ಒಂದು ಪದವೇ 45 ಚಿಹ್ನೆ. ಇಡೀ ತಲೆಬರಹ ಹೀಗಾದರೆ ವೈರಸ್ ಲಿಂಕ್ ಅಂತ ಜನ ಹೆದರುತ್ತಾರೆ. ಹೊಸ ಲೇಖನಗಳ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ, ಎರಡು ಮೂರು ಪದಕ್ಕೆ ಇಡಿ. ಹಳೆಯದನ್ನು ಬದಲಿಸುವುದಾದರೆ ಹಳೆ ವಿಳಾಸ ಒತ್ತಿದವರು ತಾನಾಗಿ ಹೊಸದಕ್ಕೆ ಹೋಗುವಂತೆ ರೀಡೈರೆಕ್ಟ್ ಮಾಡಲು ಮರೆಯಬೇಡಿ. ಲಿಂಕ್ ಜೊತೆ ಚಿತ್ರವೂ ಬರಬೇಕು. 1200×630 ಪಿಕ್ಸೆಲ್ ಅಳತೆಯ ಚಿತ್ರ ಇದ್ದರೆ ಒಳ್ಳೆಯದು.

ಈ ಪರೀಕ್ಷೆಗೆ ಒಳಪಡದ ಬರಹಗಳೂ ಇವೆ. ಅಜ್ಜಿಯ ಅಡುಗೆಮನೆಯ ನೆನಪು, ಊರಿನ ಜಾತ್ರೆ, ಒಂದು ಹರಟೆ. ಇವನ್ನು ಯಾರೂ ಗೂಗಲ್‌ನಲ್ಲಿ ಹುಡುಕುವುದಿಲ್ಲ, ಹುಡುಕಬೇಕಾಗಿಯೂ ಇಲ್ಲ. ಒಬ್ಬರು ಓದಿ ಇನ್ನೊಬ್ಬರಿಗೆ ಕಳಿಸುವುದರಿಂದಲೇ ಅವು ಹಬ್ಬುತ್ತವೆ. ಅವಕ್ಕೆ ಹುಡುಕಾಟದ ಪದ ತುರುಕಿ ಹಾಳು ಮಾಡಬೇಡಿ. ನಿಮಗೆ ಬರೆಯಲೇಬೇಕು ಅನ್ನಿಸಿದ್ದನ್ನು ಬರೆಯಿರಿ. ಉಪಯೋಗದ ಲೇಖನಕ್ಕಾಗಿ ಬಂದವರು ಅದರ ಕೆಳಗಿನ ಲಿಂಕ್ ಹಿಡಿದು ಇವನ್ನೂ ಓದುತ್ತಾರೆ.

ರಿಪೇರಿ ಮಾಡುವಾಗ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ತಲೆಬರಹ, ಮೊದಲ ಪ್ಯಾರಾ, ವಿಳಾಸ ಎಲ್ಲವನ್ನೂ ಒಂದೇ ದಿನ ತಿದ್ದಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ಲೇಖನಕ್ಕೆ ಪಾಠವೂ ಸಿಗುವುದಿಲ್ಲ. ಬದಲಿಸಿದ ದಿನಾಂಕವನ್ನು ಡೈರಿಯಲ್ಲಿ ಬರೆದಿಡಿ. ಕೆಲವು ವಾರ ಬಿಟ್ಟು ಸರ್ಚ್ ಕನ್ಸೋಲ್‌ನಲ್ಲಿ ಎರಡು ಅವಧಿಗಳನ್ನು ಹೋಲಿಸಿ. ಮೊದಲು ಇಂಪ್ರೆಷನ್, ಆಮೇಲೆ ಸ್ಥಾನ, ಆಮೇಲೆ ಕ್ಲಿಕ್, ಇದೇ ಕ್ರಮದಲ್ಲಿ ನೋಡಿ. ಇಂಪ್ರೆಷನ್ ಏರಿ ಕ್ಲಿಕ್ ಏರದಿದ್ದರೆ ವಿಷಯ ಸರಿಹೋಗಿದೆ ಅಂತ ಅರ್ಥ. ಆಗ ಸ್ಥಾನ ನೋಡಿಕೊಂಡು ತಲೆಬರಹಕ್ಕೆ ಕೈ ಹಾಕಿ. ಯಾವುದೂ ಏರದಿದ್ದರೆ ಆ ಲೇಖನವನ್ನು ಅಲ್ಲಿಗೇ ಬಿಟ್ಟು, ಪದಗಳ ಪಟ್ಟಿಯಲ್ಲಿ ಸಿಕ್ಕ ಹೊಸ ಪ್ರಶ್ನೆಯ ಮೇಲೆ ಬೇರೆ ಲೇಖನ ಶುರು ಮಾಡಿ.